ಸಂದೀಪನು ಇನ್ನೂ ಊರು ಬಿಟ್ಟಿಲ್ಲ

ರಾಜಕೀಯ ಕಾದಂಬರಿಗಳ ಆಯುಷ್ಯವು ಸಾಮಾನ್ಯವಾಗಿ ಅಲ್ಪವಾದುದು. ಯಾವ ಚಳವಳಿಯ ಕಾವಿನಲ್ಲಿ ಅವು ಹುಟ್ಟಿದವೋ ಆ ಕಾವು ಆರುತ್ತಲೇ ಅವೂ ತಣ್ಣಗಾಗಿ ಪುಸ್ತಕಭಂಡಾರದ ಮೇಲಣ ಹಲಗೆಯನ್ನು ಸೇರುವುವು. ಅವುಗಳಲ್ಲಿಯೂ ಮೊದಲು ಸಾಯತಕ್ಕವರು ಖಳರು. ನಾಯಕನಲ್ಲಿ ಶೀಲವೆಂಬುದೊಂದಿರುವುದರಿಂದ ಅವನನ್ನು ಕಾಲಾಂತರದಲ್ಲಿಯೂ ಮೆಚ್ಚಬಹುದು. ಖಳನಾದರೋ ಆಯಾ ಕಾಲದ ಕಲೆಕ್ಟರನೋ, ಪೋಲೀಸು ಇನ್‌ಸ್ಪೆಕ್ಟರನೋ, ಬಡ್ಡಿಯ ಸಾಹುಕಾರನೋ ಆಗಿದ್ದು, ಆ ಹುದ್ದೆಯ ದರ್ಪ ಇಳಿದೊಡನೆ ಅವನ ಭಯವೂ ಇಳಿದುಹೋಗುವುದು. ಪರರಾಜ್ಯದ ಅಧಿಕಾರಿಯನ್ನು ರಾಕ್ಷಸನನ್ನಾಗಿ ಚಿತ್ರಿಸಿದ ಎಷ್ಟೋ ಪುಸ್ತಕಗಳನ್ನು ನಾವು 1947ರ ತರುವಾಯ ಮತ್ತೆ ಕೈಗೆತ್ತಿಕೊಂಡದ್ದಿಲ್ಲ. ಆ ರಾಕ್ಷಸನು ಹಡಗು ಹತ್ತಿ ಹೋದನು. ಅವನೊಡನೆ ಪುಸ್ತಕವೂ ಹೋಯಿತು.

ಹೀಗಿರಲು, 1916ರಲ್ಲಿ ಗ್ರಂಥರೂಪವಾಗಿ ಹೊರಬಂದ ಬಂಗಾಳಿ ಕಾದಂಬರಿಯೊಂದರ ದುಷ್ಟಪಾತ್ರಗಳು ನೂರು ವರ್ಷಗಳು ಮೀರಿದ ಮೇಲೆಯೂ ಓದುವವನ ಬೆನ್ನ ಹಿಂದೆಯೇ ನಿಂತಿರುವಂತೆ ತೋರುವುದೇತಕ್ಕೆ? ನಾವು ಹೇಳುತ್ತಿರುವುದು ರವೀಂದ್ರನಾಥ ಠಾಕೂರರ ‘ಘರೇ ಬಾಯಿರೇ’ ಎಂಬ ಕಾದಂಬರಿಯ ವಿಷಯ. ಬಂಕಿಮಚಂದ್ರರ ಕಾದಂಬರಿಗಳನ್ನು ಬಿ. ವೆಂಕಟಾಚಾರ್ಯರ ಕೈಯಿಂದ ಪಡೆದು ಮನೆಮನೆಗಳಲ್ಲಿ ಓದಿದ ಕನ್ನಡಿಗರಿಗೆ ಬಂಗಾಳದ ದೇಶಭಕ್ತಿಯ ಭಾಷೆ ಹೊಸದಲ್ಲ. ಆ ಭಾಷೆಯನ್ನೇ ಬಾಯಲ್ಲಿಟ್ಟುಕೊಂಡು ಊರು ಹಾಳುಮಾಡುವವನೊಬ್ಬನನ್ನು ಅದೇ ಬಂಗಾಳದ ಕವಿಯು ಈ ಗ್ರಂಥದಲ್ಲಿ ನಮ್ಮ ಮುಂದೆ ತಂದು ನಿಲ್ಲಿಸಿದ್ದಾರೆ.

ಕವಿಯು ದೂರದ ದಡದಲ್ಲಿ ಕುಳಿತು ಟೀಕೆಮಾಡಿದವರಲ್ಲವೆಂಬುದನ್ನು ಮೊದಲು ನೆನೆಯಬೇಕು. ಲಾರ್ಡ್ ಕರ್ಜನನು ಮಾಡಿದ ವಂಗಭಂಗವು 1905ನೆಯ ಅಕ್ಟೋಬರ್ 16ರಂದು ಜಾರಿಗೆ ಬಂದಾಗ, ಕಲ್ಕತ್ತೆಯ ಬೀದಿಗಳಲ್ಲಿ ನಡೆದು ಹಿಂದೂ ಮುಸಲ್ಮಾನರ ಕೈಗಳಿಗೆ ರಾಖಿಯನ್ನು ಕಟ್ಟಿದವರಲ್ಲಿ ರವೀಂದ್ರರು ಮುಂದಾಳುಗಳಾಗಿದ್ದರು. ಆ ಚಳವಳಿಗಾಗಿ ಅವರು ಕಟ್ಟಿದ ಹಾಡುಗಳಲ್ಲೊಂದು ಇಂದು ಬಾಂಗ್ಲಾದೇಶದ ರಾಷ್ಟ್ರಗೀತೆಯಾಗಿದೆ. ಆದರೆ ವಿಲಾಯತಿ ಬಟ್ಟೆಯನ್ನು ಬಿಡಿಸುವ ಉತ್ಸಾಹವು ಬಡವರ ಅಂಗಡಿಗಳ ಮೇಲೆ ಬಲಾತ್ಕಾರವಾಗಿ ತಿರುಗಿತು. 1907ರಲ್ಲಿ ಕೊಮಿಲ್ಲಾದಲ್ಲಿಯೂ ಮೈಮನ್‌ಸಿಂಗ್ ಜಿಲ್ಲೆಯ ಜಮಾಲಪುರದಲ್ಲಿಯೂ ಹಿಂದೂ ಮುಸಲ್ಮಾನರ ಗಲಭೆಗಳು ನಡೆದವು. ಕವಿಯು ಆ ದಾರಿಯಿಂದ ಹಿಂದೆ ಸರಿದರು. 1911ರಲ್ಲಿ ವಂಗಭಂಗವು ರದ್ದಾಯಿತು. ಗೆದ್ದ ಚಳವಳಿಯ ಒಳಗಣ ಹುಳುಕನ್ನು ಗೆದ್ದ ಮೇಲೆ ಹೇಳುವುದು ಸೋತ ಚಳವಳಿಯನ್ನು ನಿಂದಿಸುವುದಕ್ಕಿಂತ ಕಷ್ಟವಾದ ಕೆಲಸ. ಅದನ್ನು ಅವರು ಪ್ರಮಥ ಚೌಧುರಿಯವರ ‘ಸಬುಜ್ ಪತ್ರ’ದಲ್ಲಿ 1915–16ರಲ್ಲಿ ಕಂತುಕಂತಾಗಿ ಮಾಡಿದರು.

ಕಥೆಯನ್ನು ನಾಲ್ಕು ಮಾತಿನಲ್ಲಿ ಹೇಳಬಹುದು. ನಿಖಿಲೇಶನೆಂಬ ಜಮೀನುದಾರನು ಸಾಧುಸ್ವಭಾವದವನು. ಸ್ವದೇಶಿಯ ಮಾತು ಹುಟ್ಟುವುದಕ್ಕೆ ಮೊದಲೇ ಖರ್ಜೂರದ ರಸದಿಂದ ಸಕ್ಕರೆ, ರೈತರ ಬ್ಯಾಂಕು ಎಂದು ಕೈಯ ಹಣವನ್ನು ಕಳೆದುಕೊಂಡವನು. ಅವನ ಹೆಂಡತಿ ಬಿಮಲೆ. ಅವರ ಮನೆಗೆ ಸ್ನೇಹಿತನಾಗಿ ಬಂದು, ದೇವಾಲಯದ ಮಂಟಪದಲ್ಲಿ ಭಾಷಣಮಾಡಿ, ಆ ಭಾಷಣದಿಂದ ಬಿಮಲೆಯ ಮನಸ್ಸನ್ನು ಸೆಳೆದುಕೊಂಡು, ತಿಂಗಳುಗಟ್ಟಲೆ ಅಲ್ಲಿಯೇ ಬಿಡಾರ ಹೂಡಿದ ಮುಖಂಡನು ಸಂದೀಪ. ಪರದೇಶದ ಮಾಲನ್ನು ತನ್ನ ಸಂತೆಯಲ್ಲಿ ಬಲಾತ್ಕಾರದಿಂದ ನಿಲ್ಲಿಸಲು ನಿಖಿಲೇಶನು ಒಪ್ಪುವುದಿಲ್ಲ. ಅಲ್ಲಿಂದ ಮುಂದಿನದೆಲ್ಲ ಕಳವು, ದರೋಡೆ, ಗಲಭೆ, ಸಾವು.

ಗ್ರಂಥವು ಬಿಮಲೆ, ನಿಖಿಲೇಶ, ಸಂದೀಪ ಈ ಮೂವರ ಆತ್ಮಕಥೆಗಳ ರೂಪದಲ್ಲಿದೆ. ಇದು ಮೇಲುನೋಟಕ್ಕೆ ಬರಿಯ ಕಥನದ ಏರ್ಪಾಡು. ಆದರೆ ಸಂದೀಪನು ಇಷ್ಟು ದಿನ ಬದುಕಿ ಉಳಿದಿರುವುದಕ್ಕೆ ಇದೇ ದೊಡ್ಡ ಕಾರಣವೆಂದು ನಮಗೆ ತೋರುತ್ತದೆ. ಬೇರೆ ಕಾದಂಬರಿಗಳಲ್ಲಿ ಖಳನ ವಿಷಯವನ್ನು ಇತರರು ಹೇಳುವರು. ಇಲ್ಲಿ ಅವನೇ ಹೇಳಿಕೊಳ್ಳುವನು. ಅವನು ತನ್ನನ್ನು ದುಷ್ಟನೆಂದು ತಿಳಿದಿಲ್ಲ, ಹೇಡಿತನವಿಲ್ಲದವನೆಂದು ತಿಳಿದಿದ್ದಾನೆ. ಬೇಕೆಂದುದನ್ನು ಕಿತ್ತುಕೊಳ್ಳುವುದೇ ಪ್ರಕೃತಿಯ ನಿಯಮ, ನ್ಯಾಯಾನ್ಯಾಯದ ವಿಚಾರವೆಲ್ಲ ಶಕ್ತಿ ಸಾಲದವರ ಸಮಾಧಾನ ಎಂಬುದು ಅವನ ಸಿದ್ಧಾಂತ. ರಾಮಾಯಣದಲ್ಲಿ ನಿಜವಾದ ವೀರನು ರಾವಣನೇ, ಸೀತೆಯನ್ನು ಅಶೋಕವನದಲ್ಲಿಟ್ಟು ಹಿಂದೆಮುಂದೆ ನೋಡಿದ್ದೊಂದೇ ಅವನ ತಪ್ಪು ಎಂದು ಹೇಳುವಷ್ಟು ಧೈರ್ಯ ಅವನಿಗಿದೆ. ನಮ್ಮ ಅಭಿನವ ಪಂಪನ ರಾಮಾಯಣವನ್ನು ಓದಿದವರಿಗೆ ಈ ಮಾತು ವಿಶೇಷವಾಗಿ ಚುಚ್ಚುವುದು. ನಾಗಚಂದ್ರನ ರಾವಣನು ದೊಡ್ಡವನಾಗುವುದು ಸೀತೆಯ ದೃಢತೆಯನ್ನು ಕಂಡು ಪಶ್ಚಾತ್ತಾಪಪಟ್ಟ ಗಳಿಗೆಯಲ್ಲಿ. ಸಂದೀಪನ ರಾವಣನು ಕೆಡುವುದೇ ಆ ಗಳಿಗೆಯಲ್ಲಿ. ಸೀತೆಯ ವಿಷಯವಾದ ಈ ಮಾತುಗಳಿಗಾಗಿ ಬಂಗಾಳದಲ್ಲಿ ಕವಿಯ ಮೇಲೆಯೇ ಜನರು ಕೋಪಿಸಿಕೊಂಡರು. ಪಾತ್ರದ ಬಾಯಿಂದ ಬಂದುದು ಗ್ರಂಥಕರ್ತನ ಅಭಿಪ್ರಾಯವಲ್ಲವೆಂದು ಅವರು ಸಮಾಧಾನ ಹೇಳಬೇಕಾಯಿತು. ಎಲ್ಲ ದೇಶಗಳಲ್ಲಿಯೂ ಎಲ್ಲ ಕಾಲದಲ್ಲಿಯೂ ಗ್ರಂಥಕರ್ತರಿಗೆ ತಪ್ಪದ ಕರ್ಮವಿದು.

ಸಂದೀಪನ ಶಕ್ತಿಯೆಲ್ಲ ಅಡಗಿರುವುದು ಅವನು ಬಳಸುವ ಮಾತು ನಮ್ಮದಾಗಿರುವುದರಲ್ಲಿ. ಪರಕೀಯನು ನಮ್ಮನ್ನು ತುಳಿದರೆ ನಾವು ಅವನನ್ನು ಗುರುತಿಸಬಲ್ಲೆವು. ತಾಯಿನಾಡೆಂಬ ಪವಿತ್ರವಾದ ಮಾತನ್ನು ಉಚ್ಚರಿಸುತ್ತಲೇ ತುಳಿಯುವವನನ್ನು ಗುರುತಿಸುವುದು ಹೇಗೆ? ಅವನನ್ನು ವಿರೋಧಿಸಿದವನು ತಾಯಿಯನ್ನೇ ವಿರೋಧಿಸಿದವನಾಗುವನು. ನಿಖಿಲೇಶನಿಗೆ ಆದದ್ದು ಇದೇ. ವರ್ಷಗಟ್ಟಲೆ ದೇಶೀ ಕಸುಬುಗಳಿಗೆ ಹಣ ಸುರಿದವನು, ಹಿತ್ತಾಳೆಯ ಚೊಂಬಿನಲ್ಲಿ ನೀರು ಕುಡಿದು ಹರಳೆಣ್ಣೆಯ ದೀಪದ ಬೆಳಕಿನಲ್ಲಿ ಓದುತ್ತಿದ್ದವನು, ದೇಶದ್ರೋಹಿಯೆನಿಸಿಕೊಂಡನು. ಅವನ ಹಣದಲ್ಲಿಯೇ ಉಂಡು ಓಡಾಡಿದವನು ದೇಶಭಕ್ತನೆನಿಸಿಕೊಂಡನು. ದೇಶಕ್ಕೆ ಸೇವೆ ಸಲ್ಲಿಸಬಹುದು, ಪೂಜೆ ಮಾತ್ರ ದೇಶಕ್ಕಿಂತ ಮೇಲಾದ ಧರ್ಮಕ್ಕೆ ಸಲ್ಲಬೇಕು ಎಂಬುದು ನಿಖಿಲೇಶನ ನಿಲುವು. ಸಭೆಯಲ್ಲಿ ಇಂಥ ಮಾತಿಗೆ ಚಪ್ಪಾಳೆ ಬೀಳುವುದಿಲ್ಲ.

ಸಂದೀಪನಿಗೆ ತಾನು ಹೇಳುವುದರಲ್ಲಿ ನಂಬಿಕೆ ಇದೆಯೇ ಇಲ್ಲವೇ ಎಂಬ ಪ್ರಶ್ನೆಗೆ ಕವಿಯು ಸುಲಭವಾದ ಉತ್ತರ ಕೊಡುವುದಿಲ್ಲ. ಅರ್ಧ ನಂಬಿಕೆ ಇದೆ. ಮಾತನಾಡುವಾಗ ಅವನಿಗೇ ಆವೇಶ ಬರುತ್ತದೆ. ಸಾಮಾನ್ಯ ಜನಕ್ಕೆ ಸತ್ಯದಿಂದ ಕೆಲಸವಾಗದು, ಅವರಿಗೊಂದು ವಿಗ್ರಹ ಬೇಕು, ಮಾಯೆ ಬೇಕು, ಆದುದರಿಂದ ಮಹಿಷಮರ್ದಿನಿಯ ಪೂಜೆಯೊಳಗೆ ದೇಶದ ಪೂಜೆಯನ್ನು ಸೇರಿಸಿಬಿಡೋಣ ಎಂದು ಅವನು ಲೆಕ್ಕಹಾಕುವುದು ಆವೇಶವಿಳಿದ ಮೇಲೆ. ಇಲ್ಲಿ ನಿಜವಾದ ಭಕ್ತರಿಗೂ ನಿಜವಾದ ದೇಶಸೇವಕರಿಗೂ ಏಕಕಾಲದಲ್ಲಿ ಅವಮಾನವಾಗುವುದೆಂಬುದು ಅವನಿಗೆ ಹೊಳೆಯುವುದೇ ಇಲ್ಲ. ಗ್ರಂಥದ ಕೊನೆಗೆ ಬರುವಾಗ, ತಾಯಿಯನ್ನು ವಂದಿಸುತ್ತಿದ್ದ ತನ್ನ ಮಂತ್ರದಲ್ಲಿ ತಾಯಿಯ ಸ್ಥಾನಕ್ಕೆ ಪ್ರಿಯೆಯನ್ನು ತಂದು ಕೂರಿಸಲು ಅವನಿಗೆ ಸಂಕೋಚವಾಗುವುದಿಲ್ಲ. ಮಂತ್ರವು ಅವನಿಗೆ ಎಂದೂ ದೇವತೆಯಾಗಿರಲಿಲ್ಲ, ಬಡಿಯುವುದಕ್ಕೊಂದು ನಗಾರಿಯಾಗಿತ್ತು. ಪತ್ರಿಕೆಯ ಕಸುಬಿನಲ್ಲಿ ತಲೆ ನರೆತವರಿಗೆ ಈ ನಗಾರಿಯ ಸದ್ದು ಚೆನ್ನಾಗಿ ಪರಿಚಿತ. ಅದನ್ನು ಬಡಿಯುವವನ ಉಡುಪು ಮಾತ್ರ ದಶಕಕ್ಕೊಮ್ಮೆ ಬದಲಾಗುವುದು.

ಹಣದ ವಿಚಾರವನ್ನೂ ಹೇಳಬೇಕು. ಸಂದೀಪನು ಬಿಮಲೆಯನ್ನು ಕೇಳುವುದು ಮೊದಲು 50,000 ರೂಪಾಯಿ. ತರುವಾಯ ಸದ್ಯಕ್ಕೆ 5,000 ಆದರೂ ಸಾಕೆನ್ನುವನು. ಅವಳು ಗಂಡನ ತಿಜೋರಿಯಿಂದ ಚಿನ್ನದ ನಾಣ್ಯಗಳ ಸುರುಳಿಗಳನ್ನು ಕದ್ದು ತರುವಳು. ಆ ಚಿನ್ನವನ್ನು ಕಂಡಾಗ ಅವನ ಮುಖದಲ್ಲಿ ಮೂಡಿದ ಹಸಿವನ್ನು ಕಂಡೇ ಅವಳಿಗೆ ಮೊದಲ ಸಲ ಕಣ್ಣು ತೆರೆಯುವುದು. ಅತ್ತೆಯ ಸೊತ್ತನ್ನು ಅಳಿಯ ದಾನಮಾಡಿದನೆಂಬ ಗಾದೆ ನಮ್ಮಲ್ಲಿದೆ. ಇಲ್ಲಿ ದಾನವೂ ಇಲ್ಲ. ಸಂದೀಪನ ಬಳಿಯಲ್ಲಿ ಈ ಹಣಕ್ಕೆ ಜಮಾ ಖರ್ಚಿನ ಪುಸ್ತಕವಿಲ್ಲವೆಂಬುದನ್ನು ಲೆಕ್ಕಪತ್ರ ಬಲ್ಲ ನಮ್ಮ ವಾಚಕರು ಗಮನಿಸದಿರಲಾರರು. ದೇಶದ ಹೆಸರಿನಲ್ಲಿ ಬಂದ ಹಣದ ಲೆಕ್ಕ ಕೇಳುವುದೇ ಕೃತಘ್ನತೆಯೆಂಬ ವಾತಾವರಣವನ್ನು ಅವನು ಮೊದಲೇ ನಿರ್ಮಿಸಿಟ್ಟಿದ್ದಾನೆ.

ಆದರೆ ಸಂದೀಪನೊಬ್ಬನನ್ನೇ ನೋಡುತ್ತ ನಿಂತರೆ ಗ್ರಂಥದ ಅರ್ಧವೇ ಕಂಡಂತೆ. ಈ ಕಥೆಯಲ್ಲಿ ಇನ್ನೂ ಇಬ್ಬರು ಖಳರಿದ್ದಾರೆ; ಓದುಗರು ಅವರನ್ನು ಬೇಗ ಮರೆಯುತ್ತಾರೆ, ಮರೆಯಬಾರದು. ಒಬ್ಬನು ನೆರೆಯ ಜಮೀನುದಾರ ಹರೀಶ ಕುಂಡು. ಇವನಿಗೆ ಸಿದ್ಧಾಂತವಿಲ್ಲ, ವಾಗ್ವೈಭವವಿಲ್ಲ, ರಾವಣನ ಮೇಲೆ ಪ್ರೀತಿಯೂ ಇಲ್ಲ. ಒಕ್ಕಲುಗಳನ್ನು ಹಿಂಡುವುದು ಅವನ ಹಳೆಯ ಕಸುಬು. ಸ್ವದೇಶಿಯು ಅದಕ್ಕೆ ಹೊಸ ಮುಖವಾಡವನ್ನು ಒದಗಿಸಿತು. ಪಂಚು ಎಂಬ ಬಡ ಒಕ್ಕಲಿಗನು ಸ್ವಲ್ಪ ಸಾಲ ತಂದು ಪರದೇಶದ ಬಟ್ಟೆಯನ್ನು ಕೊಂಡು ಹಳ್ಳಿಗಳಲ್ಲಿ ಮಾರಿ ಮಕ್ಕಳನ್ನು ಸಾಕುತ್ತಿರುವನು. ಇನ್ನು ಮೇಲೆ ಆ ಬಟ್ಟೆಯನ್ನು ಮಾರುವುದಿಲ್ಲವೆಂದು ಆಣೆಯಿಡು ಎಂದು ಕುಂಡುವಿನ ಆಜ್ಞೆ. ಕೈಯಲ್ಲಿರುವುದನ್ನಾದರೂ ಮಾರಿಕೊಳ್ಳದಿದ್ದರೆ ಹಾಳಾಗಿಹೋಗುವೆನೆಂದು ಪಂಚುವಿನ ಮೊರೆ. ನೂರು ರೂಪಾಯಿ ದಂಡ ಬೀಳುತ್ತದೆ, ಜಯಘೋಷಗಳ ನಡುವೆ ಬಟ್ಟೆಯ ಗಂಟು ಸುಟ್ಟುಹೋಗುತ್ತದೆ. ಇಷ್ಟರಿಂದಲೂ ತೃಪ್ತನಾಗದೆ ಅವನ ತುಂಡು ಹೊಲವನ್ನು ಕಸಿಯಲು ಇಲ್ಲದ ಸೋದರತ್ತೆಯೊಬ್ಬಳನ್ನು ಹುಟ್ಟಿಸಿ ಹಕ್ಕು ಹೂಡಿಸುತ್ತಾರೆ. ಸೋದರತ್ತೆಯ ಈ ಉಪಾಯವನ್ನು ಓದಿದಾಗ, ಕಂದಾಯದ ಕಚೇರಿಗಳಲ್ಲಿ ವರ್ಷಗಟ್ಟಲೆ ಕೂತವರು ನಗುವುದೋ ಅಳುವುದೋ ತಿಳಿಯದೆ ಪುಸ್ತಕವನ್ನು ಒಂದು ಗಳಿಗೆ ಕೆಳಗಿಡುವರು.

ಪಂಚುವಿನ ಪರವಾಗಿ ಮಾತನಾಡುವವರು ನಿಖಿಲೇಶನ ಗುರುಗಳಾದ ಚಂದ್ರನಾಥಬಾಬುಗಳು. ಪರದೇಶದ ಸರಕನ್ನು ನಿಲ್ಲಿಸಿ ಎಂದು ಬಂದ ಕಾಲೇಜಿನ ಹುಡುಗರಿಗೆ ಅವರು ಕೊಟ್ಟ ಉತ್ತರದ ಸಾರವಿಷ್ಟು: ನಿಮಗೆ ಹಣವಿದೆ, ಒಂದೆರಡು ಕಾಸಿನ ಹೆಚ್ಚುಕಡಿಮೆ ನಿಮ್ಮನ್ನು ತಟ್ಟದು, ಪಂಚುವಿಗೆ ಆ ಕಾಸೇ ಅನ್ನ, ನಿಮ್ಮ ತಪಸ್ಸಿನ ವೆಚ್ಚವನ್ನು ಅವನಿಂದ ವಸೂಲಿ ಮಾಡಬೇಡಿ. ನೂರು ವರ್ಷಗಳಲ್ಲಿ ಎಷ್ಟೋ ಒಳ್ಳೆಯ ಉದ್ದೇಶಗಳ ಹೆಸರಿನಲ್ಲಿ ಈ ವಸೂಲಿಯು ನಡೆದಿದೆ. ಸಭೆಯಲ್ಲಿ ನಿರ್ಣಯ ಮಾಡುವವನು ಒಬ್ಬ, ಅದರ ಬೆಲೆ ತೆರುವವನು ಮತ್ತೊಬ್ಬ.

ಇನ್ನೊಬ್ಬನು ನಿಖಿಲೇಶನ ಪಾರುಪತ್ಯಗಾರ. ಇವನಿಗೆ ಕವಿಯು ಹೆಚ್ಚು ಪುಟಗಳನ್ನು ಕೊಟ್ಟಿಲ್ಲ, ಕೊಡಬೇಕಾದ ಅವಶ್ಯಕತೆಯೂ ಇಲ್ಲ. ಧಣಿಯ ಅನ್ನ ತಿನ್ನುತ್ತಲೇ ಧಣಿಯ ಆಜ್ಞೆಗೆ ವಿರುದ್ಧವಾಗಿ ಸಂದೀಪನೊಡನೆ ಕೈಸೇರಿಸಿ, ಪರದೇಶದ ಸರಕು ಸಾಗಿಸುತ್ತಿದ್ದ ಮಿರ್ಜಾನನೆಂಬ ಅಂಬಿಗನ ದೋಣಿಯನ್ನು ಗುಟ್ಟಾಗಿ ಮುಳುಗಿಸುವವನಿವನು. ಕೆಲಸವಾದ ಮೇಲೆ ಪರಿಹಾರದ ನೆಪದಲ್ಲಿ ಹಣದ ಮಾತೆತ್ತುವನು. ಗಾಳಿ ಯಾವ ಕಡೆಯಿಂದ ಬೀಸಿದರೂ ತನ್ನ ಸೂರು ಹಾರದಂತೆ ನೋಡಿಕೊಳ್ಳುವುದೇ ಅವನ ರಾಜನೀತಿ. ಸಂದೀಪನಂಥವರು ಯಾವ ಊರಿಗೆ ಬಂದರೂ ಅವರಿಗೆ ಮೊದಲು ದೊರೆಯುವ ಸಹಾಯವು ಇಂಥವನದು. ಅಧಿಕಾರದಲ್ಲಿರುವ ನಮ್ಮ ವಾಚಕರನ್ನು ನೋಯಿಸುವ ಉದ್ದೇಶದಿಂದ ಇದನ್ನು ಬರೆಯುತ್ತಿಲ್ಲ; ಇಂಥ ಪಾರುಪತ್ಯಗಾರನ ಪಕ್ಕದ ಕುರ್ಚಿಯಲ್ಲಿ ಕುಳಿತು ಕಷ್ಟಪಟ್ಟವರೂ ಅವರಲ್ಲಿಯೇ ಇದ್ದಾರೆ.

ವಾಗ್ಮಿ, ಜಮೀನುದಾರ, ಪಾರುಪತ್ಯಗಾರ ಈ ಮೂವರೂ ಒಂದೆಡೆ ಸೇರಿ ಸಂಚು ಮಾಡುವ ದೃಶ್ಯವು ಕಾದಂಬರಿಯಲ್ಲಿ ಎಲ್ಲಿಯೂ ಇಲ್ಲ. ಅವರವರ ಲಾಭವನ್ನು ಅವರವರು ನೋಡಿಕೊಂಡರೆ ಸಾಕು, ಊರಿಗೆ ತಾನಾಗಿಯೇ ಬೆಂಕಿ ಹತ್ತುವುದು. ಹಿಂದಿನ ಕಾದಂಬರಿಕಾರರು ಕತ್ತಲೆಯ ಕೋಣೆ, ಗುಪ್ತಸಂಕೇತ, ವಿಷದ ಬಟ್ಟಲು ಇವುಗಳಿಂದ ನಮ್ಮನ್ನು ಹೆದರಿಸುತ್ತಿದ್ದರು. ರವೀಂದ್ರರಿಗೆ ಒಂದು ಸಂತೆ, ಒಂದು ದೋಣಿ, ಒಂದು ಬಟ್ಟೆಯ ಗಂಟು ಸಾಕಾದವು.

ಇವರ ಕೈಗೆ ಸಿಕ್ಕಿ ಕೆಟ್ಟವನು ಅಮೂಲ್ಯನೆಂಬ ಎಳೆಯ ಹುಡುಗ. ಅವನಲ್ಲಿ ಕಪಟವಿಲ್ಲ. ಆತ್ಮಕ್ಕೆ ಸಾವಿಲ್ಲವೆಂಬ ಗೀತೆಯ ಉಪದೇಶವನ್ನು, ಮುದಿ ಖಜಾಂಚಿಯೊಬ್ಬನನ್ನು ಕೊಂದರೆ ಪಾಪವಿಲ್ಲವೆಂಬುದಕ್ಕೆ ಆಧಾರವನ್ನಾಗಿ ಅವನಿಗೆ ಕಲಿಸಿಕೊಟ್ಟಿದ್ದಾರೆ. ಅವನ ಜೇಬಿನಲ್ಲಿ ಪಿಸ್ತೂಲು, ಕೈಯಲ್ಲಿ ಗೀತೆ. ಬಿಮಲೆಗೆ ಅವನ ಬಾಯಿಂದ ಆ ಮಾತು ಬಂದಾಗ ತಾಯಿಯ ಹೊಟ್ಟೆ ಉರಿದಂತಾಗುವುದು. ದೊಡ್ಡವರು ಸಭೆಯಲ್ಲಿ ಅಲಂಕಾರಕ್ಕೆಂದು ಆಡಿದ ಮಾತನ್ನು ಹುಡುಗರು ಅಕ್ಷರಶಃ ನಂಬುವರೆಂಬ ವಿಷಯವು ನಮ್ಮ ಮುಖಂಡರಿಗೆ ಇಂದಿಗೂ ಪೂರ್ಣವಾಗಿ ಮನದಟ್ಟಾಗಿಲ್ಲ.

ಈ ಗ್ರಂಥದ ವಿಷಯದಲ್ಲಿ ಒಂದು ವಿಚಿತ್ರವಾದ ವಿವಾದವೂ ನಡೆದಿದೆ. ಇಂಗ್ಲಿಷ್ ಭಾಷಾಂತರವು 1919ರಲ್ಲಿ ಪ್ರಕಟವಾಗಿ ಯೂರೋಪಿನಲ್ಲಿ ಹರಡಿದ ಮೇಲೆ, ಹಂಗೇರಿಯ ಪಂಡಿತನಾದ ಗಿಯೋರ್ಗ್ ಲುಕಾಚನು 1922ರಲ್ಲಿ ಬರ್ಲಿನ್ನಿನ ಕಮ್ಯೂನಿಸ್ಟ್ ಪತ್ರಿಕೆಯಲ್ಲಿ ಇದನ್ನು ಬರಿಯ ಕರಪತ್ರವೆಂದು ಜರೆದು, ಸಂದೀಪನು ಗಾಂಧಿಯವರ ವಿಡಂಬನೆಯೆಂದು ಬರೆದನು. ಮಹಾತ್ಮರು ದಕ್ಷಿಣ ಆಫ್ರಿಕೆಯಿಂದ ಭಾರತಕ್ಕೆ ಮರಳಿ ಬಂದದ್ದೇ 1915ರ ಜನವರಿಯಲ್ಲಿ. ಅಸಹಕಾರದ ಚಳವಳಿ ಮೊದಲಾದುದು 1920ರಲ್ಲಿ. ಕಾದಂಬರಿ ಬೆಳಕು ಕಂಡದ್ದು ಇವೆರಡರ ನಡುವೆ, ಅದರೊಳಗಣ ಕಾಲವಂತೂ ವಂಗಭಂಗದ ದಿನಗಳದು. ಪಂಚಾಂಗವನ್ನು ತೆರೆದು ನೋಡದ ವಿಮರ್ಶೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕದು.

ಆದರೂ ಹೋಲಿಕೆಯನ್ನು ತಳ್ಳಿಬಿಡುವ ಬದಲು ಸರಿಯಾಗಿ ಮಾಡಿನೋಡಿದರೆ ಲಾಭವುಂಟು. 1921ರಲ್ಲಿ ವಿದೇಶೀ ಬಟ್ಟೆಯ ಹೋಳಿಗಳು ಉರಿದಾಗ ರವೀಂದ್ರರು ಬಹಿರಂಗವಾಗಿ ಆಕ್ಷೇಪಿಸಿದರು. ಮಹಾತ್ಮರು ಅವರನ್ನು ‘ಮಹಾ ಕಾವಲುಗಾರ’ರೆಂದು ಗೌರವಿಸುತ್ತಲೇ ‘ಯಂಗ್ ಇಂಡಿಯಾ’ ಪತ್ರಿಕೆಯಲ್ಲಿ ಖಂಡಿತವಾದ ಉತ್ತರವನ್ನು ಕೊಟ್ಟರು. ಕವಿಯ ಆಕ್ಷೇಪಣೆಯಲ್ಲಿ ಪಂಚುವಿನ ಗಂಟು ಸುಟ್ಟ ನೆನಪು ಇದ್ದಿತೆಂದು ನಾವು ಊಹಿಸಿದರೆ ತಪ್ಪಾಗಲಾರದು. ಆದರೆ 1922ರ ಫೆಬ್ರವರಿಯಲ್ಲಿ ಚೌರಿಚೌರಾದಲ್ಲಿ ಜನರ ಗುಂಪು ಠಾಣೆಗೆ ಬೆಂಕಿಯಿಟ್ಟು 20ಕ್ಕೂ ಹೆಚ್ಚು ಪೋಲೀಸರು ಸತ್ತಾಗ ಮಹಾತ್ಮರು ಏನು ಮಾಡಿದರು? ದೇಶವೇ ಎದ್ದು ನಿಂತ ಹೊತ್ತಿನಲ್ಲಿ, ಸೆರೆಮನೆಯಲ್ಲಿದ್ದ ತಮ್ಮ ಆಪ್ತರ ಕೋಪವನ್ನೂ ಲೆಕ್ಕಿಸದೆ ಚಳವಳಿಯನ್ನು ನಿಲ್ಲಿಸಿ ಉಪವಾಸ ಕುಳಿತರು. ನಿಲ್ಲಿಸಿದ್ದು ಸರಿಯೇ ತಪ್ಪೇ ಎಂದು ಇಂದಿಗೂ ವಾದವಿದೆ. ಸಂದೀಪನು ಮಾತ್ರ ನಿಲ್ಲಿಸುತ್ತಿರಲಿಲ್ಲ. ಸತ್ತವರನ್ನು ಅವನು ಮುಂದಿನ ಭಾಷಣದಲ್ಲಿ ಉಪಯೋಗಿಸುತ್ತಿದ್ದನು.

ಗ್ರಂಥದಲ್ಲಿ ದೋಷವಿಲ್ಲವೆಂದು ನಾವು ಹೇಳುವುದಿಲ್ಲ. ಸ್ವದೇಶಿಯ ಚಳವಳಿಯಲ್ಲಿ ಸರ್ವಸ್ವವನ್ನೂ ಕಳೆದುಕೊಂಡು ಸೆರೆಮನೆ ಸೇರಿದ ನಿಷ್ಕಪಟಿಗಳು ನೂರಾರು ಮಂದಿ ಇದ್ದರು. ಅವರಲ್ಲೊಬ್ಬನಾದರೂ ಪ್ರಬುದ್ಧ ವಯಸ್ಸಿನವನು ಈ ಕಾದಂಬರಿಯಲ್ಲಿ ಕಾಣುವುದಿಲ್ಲ. ಅಮೂಲ್ಯನಂಥ ಮಗುವಿಗೆ ಮಾತ್ರ ಆ ನಿಷ್ಕಾಪಟ್ಯವನ್ನು ಕೊಡಲಾಗಿದೆ. ದೇಶೀ ಗಿರಣಿಗಳೂ ಮಗ್ಗಗಳೂ ರಾಷ್ಟ್ರೀಯ ಶಾಲೆಗಳೂ ಆ ದಿನಗಳಲ್ಲಿ ತಲೆಯೆತ್ತಿದುದರ ಸುದ್ದಿ ಇಲ್ಲಿ ಬಹು ಕಡಿಮೆ. ನಿಖಿಲೇಶನೂ ಕೆಲವೆಡೆಗಳಲ್ಲಿ ರಕ್ತಮಾಂಸಗಳಿಲ್ಲದ ನೀತಿಗ್ರಂಥದಂತೆ ಮಾತನಾಡುವನು. ಮನೆಗೆ ಕಳ್ಳನು ಬಂದುದನ್ನು ಕಂಡೂ ಹೆಂಡತಿಯು ತಾನಾಗಿ ತಿಳಿದುಕೊಳ್ಳಲಿ ಎಂದು ಕಾಯುವ ಅವನ ತಾಳ್ಮೆಯು ಮಹತ್ತ್ವವೋ ಆಲಸ್ಯವೋ ಎಂದು ಓದುಗನು ಬೇಸರದಿಂದ ಕೇಳಿದರೆ ನಾವು ಅವನನ್ನು ದೂಷಿಸೆವು. ಅವನ ಒಳ್ಳೆಯತನದ ನೆರಳಿನಲ್ಲಿಯೇ ಸಂದೀಪನು ತಿಂಗಳುಗಟ್ಟಲೆ ಊಟಮಾಡಿದನಲ್ಲವೇ? ಸಜ್ಜನರ ಮನೆಯ ಜಗಲಿಯೇ ದುರ್ಜನರಿಗೆ ಒಳ್ಳೆಯ ವೇದಿಕೆಯಾಗುವುದನ್ನು ಕವಿಯು ಉದ್ದೇಶಿಸಿಯೇ ತೋರಿಸಿದರೋ, ತಾನಾಗಿ ತೋರಿಹೋಯಿತೋ, ನಿರ್ಣಯಿಸುವುದು ಕಷ್ಟ.

ಸತ್ಯಜಿತ್ ರಾಯರು ಈ ಕಥೆಯನ್ನು 1984ರಲ್ಲಿ ಚಲಚ್ಚಿತ್ರವನ್ನಾಗಿ ಮಾಡಿದರು. 1955ರ ‘ಪಥೇರ್ ಪಾಂಚಾಲಿ’ಗೂ ಮೊದಲೇ ಇದಕ್ಕೆ ಚಿತ್ರಕಥೆಯನ್ನು ಬರೆದಿಟ್ಟಿದ್ದವರು ಅವರು. ಅದರಲ್ಲಿ ಸಂದೀಪನ ಪಾತ್ರವನ್ನು ಸೌಮಿತ್ರ ಚಟರ್ಜಿಯವರಿಗೆ ಕೊಟ್ಟದ್ದು ನಿರ್ದೇಶಕರ ಸೂಕ್ಷ್ಮಬುದ್ಧಿಗೆ ಸಾಕ್ಷಿ. ಬಂಗಾಳದ ಜನ ಪ್ರೀತಿಸುತ್ತಿದ್ದ ಮುಖವದು. ಆ ಮುಖವು ಮಂಟಪದಲ್ಲಿ ನಿಂತು ಮಾತನಾಡುವಾಗ, ಮುಂದಾಗುವುದು ತಿಳಿದಿದ್ದ ಪ್ರೇಕ್ಷಕನೂ ಒಂದು ಕ್ಷಣ ಬಿಮಲೆಯೊಡನೆ ಪರದೆಯನ್ನು ಸರಿಸಿ ನೋಡುವನು.

ಕೊನೆಗೆ ಮುಸಲ್ಮಾನ ರೈತರು ಕೆರಳಿ, ಕುಂಡುವಿನ ಮನೆಯ ಲೂಟಿ ಮೊದಲಾದ ರಾತ್ರಿ, ಆಯುಧವಿಲ್ಲದೆ ಕುದುರೆಯೇರಿ ಗಲಭೆಯ ನಡುವೆ ಹೋದವನು ನಿಖಿಲೇಶ. ತಲೆಗೆ ಬಲವಾದ ಪೆಟ್ಟು ಬಿದ್ದು ಪಲ್ಲಕ್ಕಿಯಲ್ಲಿ ಮರಳಿದನು. ಬದುಕುವನೋ ಇಲ್ಲವೋ ಗ್ರಂಥವು ಹೇಳುವುದಿಲ್ಲ. ಅಮೂಲ್ಯನು ಗುಂಡೇಟಿನಿಂದ ಸತ್ತನು. ಸಂದೀಪನಾದರೋ ಚಿನ್ನವನ್ನೂ ಒಡವೆಯ ಪೆಟ್ಟಿಗೆಯನ್ನೂ ಬಿಮಲೆಗೆ ನಾಟಕೀಯವಾಗಿ ಹಿಂದಿರುಗಿಸಿ, ಇಲ್ಲಿ ಇನ್ನಿದ್ದರೆ ಅಪಾಯವೆಂದು ಅನುಯಾಯಿಗಳು ಹೇಳಿದರೆಂಬ ಕಾರಣ ಕೊಟ್ಟು, ಬೆಂಕಿ ಮೇಲೇಳುವುದಕ್ಕೆ ಮುಂಚೆ ಹೊರಟುಹೋದನು. ಅವನಿಗೆ ಶಿಕ್ಷೆಯಾಗಲಿಲ್ಲ. ಎಲ್ಲಿಗೆ ಹೋಗಿ ಮುಂದೆ ಏನು ಮಾಡಿದನೆಂದು ಕವಿಯು ಬರೆದಿಲ್ಲ.

ಈ ಗ್ರಂಥವನ್ನು ಓದದವರು ಓದಬೇಕೆಂದು ಪ್ರಾರ್ಥಿಸುತ್ತೇವೆ. ಬಿಮಲೆಯ ಮನಸ್ಸಿನ ಹೊಯ್ದಾಟದ ಪುಟಗಳು ರಮ್ಯವಾಗಿವೆ, ಅವನ್ನು ಯಾರೂ ಬಿಡುವುದಿಲ್ಲ. ಪಂಚುವಿನ ಪುಟಗಳು ಕೆಲವೇ ಇದ್ದು ಮಧ್ಯದಲ್ಲಿ ಎಲ್ಲಿಯೋ ಅಡಗಿವೆ, ಅವಸರದವರು ಹಾರಿಸಿಬಿಡುವುದುಂಟು. ಅವನ್ನು ಮಾತ್ರ ಎರಡು ಸಲ ಓದತಕ್ಕದ್ದು.